ನಾಯಿಗೆ ಪಾಠ ಹೇಳಿದ್ದು

ನಾಯಿಗೆ ಹೆಸರಿಡುವುದು ಸುಲಭ. ನಾಯಿಗೆ ಹೆಸರು ಕಲಿಸುವುದು ಸುಲಭವಲ್ಲ. ಈ ಎರಡರ ನಡುವೆ ಎಷ್ಟು ಅಂತರವಿದೆ ಎಂಬುದು ನನಗೆ ಬಹುಕಾಲ ತಿಳಿದಿರಲಿಲ್ಲ.

ನಾಯಿಯನ್ನು ಹೆಸರಿಟ್ಟು ಕರೆಯುವ ರೂಢಿ ನಮ್ಮ ನಾಡಿನಲ್ಲಿ ಬಹಳ ಹಳೆಯದು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಸುಮಾರು 949–50ನೆಯ ಇಸವಿಯ ಶಿಲಾಶಾಸನದಲ್ಲಿ ‘ಕಾಳಿ’ ಎಂಬ ಬೇಟೆನಾಯಿಯ ಹೆಸರಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನೆಂಬ ವೀರನನ್ನು ಮೆಚ್ಚಿ ಗಂಗರ ಅರಸನಾದ ಬೂತುಗನು ಬೇಡಿದುದನ್ನು ಕೊಡುವೆನೆಂದಾಗ ಅವನು ಬೇಡಿದ್ದು ಈ ಕಾಳಿಯನ್ನು. ಮುಂದೆ ಕಾಳಿಯು ದೊಡ್ಡದೊಂದು ಹಂದಿಯೊಡನೆ ಸೆಣಸಿತು; ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಅದರ ನೆನಪಿಗೆ ನಿಲ್ಲಿಸಿದ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹೀಗೆ ಸಾವಿರ ವರ್ಷಗಳಾದರೂ ಮನುಷ್ಯರು ಒಂದು ನಾಯಿಯ ಹೆಸರನ್ನು ಉಳಿಸಿಕೊಂಡಿದ್ದಾರೆ. ಆದರೆ ಮನುಷ್ಯರ ಮನೆಯ ವಸ್ತುಗಳ ಹೆಸರನ್ನು ನಾಯಿ ನೆನಪಿನಲ್ಲಿಟ್ಟುಕೊಳ್ಳಬಲ್ಲುದೆ? ಈ ಪ್ರಶ್ನೆಯನ್ನು ನಾನು ಕೇವಲ ಕುತೂಹಲದಿಂದ ಕೇಳಿಕೊಂಡವನಲ್ಲ. ನನ್ನ ಅವ್ವನಿಗಾಗಿ ಕೇಳಿಕೊಂಡೆ.

ಅವ್ವ ಇದ್ದದ್ದು ಖಾನಾಪುರದಲ್ಲಿ. ನಾನು ಬೆಳಗಾವಿಯ ತಿಳಕವಾಡಿಯಲ್ಲಿದ್ದು ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ಎರಡೂ ಊರುಗಳ ನಡುವೆ ಸುಮಾರು 26 ಕಿಲೋಮೀಟರ್ ಅಂತರ. ಖಾನಾಪುರವು ಮಲಪ್ರಭಾ ನದಿಯ ದಂಡೆಯ ಮೇಲಿನ ಊರು. ಅಲ್ಲಿಯ ಮಣ್ಣು ಮಡಕೆಗೂ ಹೆಂಚಿಗೂ ಹೆಸರಾದದ್ದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಅಲ್ಲಿಯೇ ಇದೆ. ನಮ್ಮ ಮನೆಯಲ್ಲಿ ಗಡಿಗೆ ಕೊಳ್ಳುವ ಕೆಲಸ ಯಾವಾಗಲೂ ಅವ್ವನದೇ. ಬೆರಳಿನ ಗೆಣ್ಣಿನಿಂದ ಬಡಿದು, ಕಿವಿಗೊಟ್ಟು ಸದ್ದು ಕೇಳಿ, ‘ಇದು ಬ್ಯಾಡ, ಬಿರುಕು ಐತಿ’ ಎಂದು ಬದಿಗಿಡುತ್ತಿದ್ದಳು. ನಮ್ಮ ಕಣ್ಣಿಗೆ ಕಾಣದ ಬಿರುಕು ಅವಳ ಕಿವಿಗೆ ಕೇಳುತ್ತಿತ್ತು.

ಅದೇ ಅವ್ವನ ಕಣ್ಣಿನ ಬೇನೆ ಮಾತ್ರ ನಮ್ಮ ಯಾರ ಕಣ್ಣಿಗೂ ಬೀಳಲಿಲ್ಲ. ಒಮ್ಮೆ ಬಾಗಿಲಿನ ಚೌಕಟ್ಟಿಗೆ ಭುಜ ತಾಗಿಸಿಕೊಂಡಳು; ಒಮ್ಮೆ ಪಕ್ಕದಲ್ಲಿಯೇ ಇದ್ದ ಲೋಟವನ್ನು ಉರುಳಿಸಿದಳು. ವಯಸ್ಸಾಯಿತೆಂದು ನಾವು ನಕ್ಕು ಸುಮ್ಮನಾದೆವು. ಕೊನೆಗೆ ವೈದ್ಯರಿಗೆ ತೋರಿಸಿದಾಗ ಅದು ಗ್ಲಾಕೋಮಾ ಎಂದು ತಿಳಿಯಿತು. ಆ ಬೇನೆಯಲ್ಲಿ ಕಣ್ಣಿನಿಂದ ಮಿದುಳಿಗೆ ಹೋಗುವ ನರವು ಮೆಲ್ಲಮೆಲ್ಲನೆ ಕೆಡುತ್ತದೆ. ಹೆಚ್ಚಿನವರಲ್ಲಿ ನೋವಿಲ್ಲ, ಮೊದಲು ಹೋಗುವುದು ಅಕ್ಕಪಕ್ಕದ ನೋಟ. ಬೇಗನೆ ಗುರುತಿಸಿದರೆ ಬೇನೆಯನ್ನು ತಡೆಯಬಹುದು; ಹೋದ ದೃಷ್ಟಿ ಮಾತ್ರ ಮರಳಿ ಬಾರದು. ನಾವು ತಡಮಾಡಿದ್ದೆವು. ಎರಡು ವರ್ಷಗಳಲ್ಲಿ ಅವ್ವನಿಗೆ ಹಗಲು ಇರುಳುಗಳ ಭೇದ ಮಾತ್ರ ಉಳಿಯಿತು.

ಬೆಳಗಾವಿಗೆ ಬಾ ಎಂದು ನಾನು ಎಷ್ಟು ಕರೆದರೂ ಅವಳು ಒಪ್ಪಲಿಲ್ಲ.

“ಬೆಳಗಾವ್ಯಾಗ ನನಗ ಗ್ವಾಡಿ ಗೊತ್ತಿಲ್ಲ, ಬಾಗಿಲಾ ಗೊತ್ತಿಲ್ಲ. ಇಲ್ಲಿ ಹತ್ತು ಹೆಜ್ಜಿ ಇಟ್ರ ನೀರಿನ ಹಂಡೆ, ಅಲ್ಲಿಂದ ನಾಕು ಹೆಜ್ಜಿ ಇಟ್ರ ತುಳಸಿ. ಕಣ್ಣ ಹೋಗ್ಯಾವ, ಮನಿ ಹೋಗಿಲ್ಲಲ್ಲೋ ತಮ್ಮಾ” ಎಂದಳು.

ಮನೆ ಅವಳಿಗೆ ತಿಳಿದಿತ್ತು, ನಿಜ. ಆದರೆ ಕೈಯಲ್ಲಿ ಹಿಡಿಯುವ ಕೋಲು ಗೋಡೆಯಂತೆ ಒಂದೇ ಕಡೆ ನಿಲ್ಲುವ ವಸ್ತುವಲ್ಲ. ಒರಗಿಸಿಟ್ಟರೆ ಜಾರುತ್ತದೆ, ಜಾರಿದರೆ ಉರುಳುತ್ತದೆ. ಒಂದು ಮುಂಜಾನೆ ಕೋಲನ್ನು ತಡಕಾಡುತ್ತ ಅವ್ವ ಪಡಸಾಲೆಯ ಮೆಟ್ಟಿಲಿನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಆ ವಾರವೇ ನಾನು ನಿಶ್ಚಯಿಸಿದೆ: ಅವಳ ಕೋಲನ್ನು ತಂದುಕೊಡುವ ನಾಯಿಯೊಂದನ್ನು ಸಿದ್ಧಪಡಿಸಬೇಕು.

ನಾಯಿ ಆಗಲೇ ನನ್ನ ಮನೆಯಲ್ಲಿತ್ತು. ತಿಳಕವಾಡಿಯ ರೈಲ್ವೆ ಗೇಟಿನ ಬಳಿ ಮಳೆಯಲ್ಲಿ ನೆನೆಯುತ್ತಿದ್ದ ಕಂದು ಬಣ್ಣದ ಬೀದಿಯ ಮರಿಯನ್ನು ಒಂದು ಸಂಜೆ ನಾನು ಕೊಡೆಯಡಿಯಲ್ಲಿ ತಂದಿದ್ದೆ. ಅದಕ್ಕೆ ಮೋತಿ ಎಂದು ಹೆಸರಿಟ್ಟಿದ್ದೆ. ನನ್ನ ಉದ್ದೇಶವನ್ನು ಕೇಳಿದ ಸ್ನೇಹಿತರೊಬ್ಬರು, “ಸರ್, ಇಂಥ ಕೆಲಸಕ್ಕ ಬೀದಿ ನಾಯಿ ಏನ ಉಪಯೋಗರೀ? ಮುಧೋಳ ನಾಯಿ ತರ್ರಿ” ಎಂದರು. ಮುಧೋಳದ ನಾಯಿಯ ಕೀರ್ತಿ ಸಣ್ಣದಲ್ಲ. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಅದರ ಚಿತ್ರವಿರುವ ಅಂಚೆಚೀಟಿಯನ್ನು ಹೊರಡಿಸಿತು. 2016ರಲ್ಲಿ ಭಾರತೀಯ ಸೇನೆಯು ಮುಧೋಳದ ಮರಿಗಳನ್ನು ಮೀರತ್‌ನ ತನ್ನ ಕೇಂದ್ರಕ್ಕೆ ತರಬೇತಿಗಾಗಿ ಒಯ್ದಿತು. ಆದರೆ ಅದು ದೂರದ ಬೇಟೆಯನ್ನು ಕಣ್ಣಿನಿಂದ ಗುರುತಿಸಿ ಬೆನ್ನಟ್ಟುವ ತಳಿ. ಅದಕ್ಕೆ ಬಯಲು ಬೇಕು. ನನಗೆ ಬೇಕಾದದ್ದು ಪಡಸಾಲೆಯಿಂದ ಅಡುಗೆಮನೆಯವರೆಗೆ ಓಡಾಡುವ ನಾಯಿ. ಮೋತಿಯೇ ಸಾಕೆಂದುಕೊಂಡೆ.

ಪಾಠ ಆರಂಭವಾಯಿತು. ಆರು ವಸ್ತುಗಳನ್ನು ಆರಿಸಿಕೊಂಡೆ: ಕೋಲು, ಚಪ್ಪಲಿ, ಚೀಲ, ಕರವಸ್ತ್ರ, ಚೆಂಡು, ಟಾರ್ಚು. ದಿನಕ್ಕೆ ಎರಡು ಸಲ, ಶಾಲೆಗೆ ಹೋಗುವ ಮೊದಲು ಒಮ್ಮೆ, ಬಂದ ಮೇಲೆ ಒಮ್ಮೆ. ಮೊದಲು ವಸ್ತುವನ್ನು ಎಸೆದು ತರಿಸುವುದು. ಬಾಯಲ್ಲಿ ಹಿಡಿದಾಗ ಅದರ ಹೆಸರು ಹೇಳುವುದು. ಕೈಗೆ ಕೊಟ್ಟಾಗ ರೊಟ್ಟಿಯ ಚೂರು ಕೊಡುವುದು. ಆಮೇಲೆ ಎರಡು ವಸ್ತುಗಳನ್ನು ಜೊತೆಗಿಟ್ಟು ಒಂದನ್ನು ಕೇಳುವುದು, ಬಳಿಕ ಮೂರು, ಬಳಿಕ ಆರು.

ಹುಲ್ಲಿನ ಮೇಲೆ ಎಸೆದ ಕೆಂಪು ಚೆಂಡನ್ನು ಹುಡುಕಲು ಮೋತಿ ಬಹಳ ಪರದಾಡುತ್ತಿತ್ತು. ಅದನ್ನು ನಾನು ದಡ್ಡತನವೆಂದು ಭಾವಿಸಿ ಗದರಿದೆ. ನಾಯಿಯ ಕಣ್ಣಿಗೆ ನೀಲಿಯೂ ಹಳದಿಯೂ ಬೇರೆಬೇರೆಯಾಗಿ ಕಾಣುತ್ತವೆ, ಕೆಂಪು ಹಸಿರುಗಳನ್ನು ಅದು ಸರಿಯಾಗಿ ಬೇರ್ಪಡಿಸಲಾರದು ಎಂಬ ಸಂಗತಿಯನ್ನು ಆಮೇಲೆ ಒಂದು ಪುಸ್ತಕದಲ್ಲಿ ಓದಿ ನಾಚಿಕೊಂಡೆ. ಮರುದಿನ ನೀಲಿ ಚೆಂಡು ತಂದೆ. ಹುಡುಕಾಟ ಮುಗಿಯಿತು. ವಿದ್ಯಾರ್ಥಿಯ ತಪ್ಪೆಂದು ನಾನು ಎಣಿಸಿದ್ದು ಶಿಕ್ಷಕನ ತಪ್ಪಾಗಿತ್ತು. ಅದು ಮೊದಲನೆಯದು, ಅದೇ ಕೊನೆಯದೆಂದು ನಾನು ತಿಳಿದೆ.

ನಾಲ್ಕು ತಿಂಗಳಲ್ಲಿ ಮೋತಿ ಆರನ್ನೂ ಕಲಿಯಿತು. ನೆರೆಹೊರೆಯವರನ್ನು ಕರೆದು ಪ್ರದರ್ಶನ ನಡೆಸಿದೆ. ವಸ್ತುಗಳನ್ನು ಸಾಲಾಗಿ ಇಟ್ಟು ನಾನು ಎದುರಿಗೆ ನಿಂತು, “ಮೋತಿ, ಚೀಲ!” ಎಂದರೆ ಚೀಲ ಬರುತ್ತಿತ್ತು, “ಕೋಲು!” ಎಂದರೆ ಕೋಲು. ಮಕ್ಕಳು ಚಪ್ಪಾಳೆ ತಟ್ಟಿದರು. ‘ನಮ್ಮ ಹುಡುಗರಿಗಿಂತ ಇದೇ ವಾಸಿ’ ಎಂದು ಯಾರೋ ನಕ್ಕರು. ಆ ದಿನ ನನಗಾದ ಹೆಮ್ಮೆ ಪರೀಕ್ಷೆಯಲ್ಲಿ ನನ್ನ ತರಗತಿಯ ಎಲ್ಲರೂ ಉತ್ತೀರ್ಣರಾದಾಗಲೂ ಆಗಿರಲಿಲ್ಲ.

ದೀಪಾವಳಿಯ ರಜೆ ಬಂದಿತು. ಸ್ನೇಹಿತರ ವಾಹನದಲ್ಲಿ ಮೋತಿಯನ್ನು ಕೂರಿಸಿಕೊಂಡು ಪೀರನವಾಡಿ, ಮಚ್ಛೆಗಳನ್ನು ದಾಟಿ ಖಾನಾಪುರದ ದಾರಿ ಹಿಡಿದೆ. ದಾರಿಯ ಇಕ್ಕೆಲಗಳಲ್ಲಿ ಭತ್ತದ ಗದ್ದೆಗಳು ಹಣ್ಣಾಗಿ ಬಾಗಿದ್ದವು. ಮನೆ ಮುಟ್ಟಿದ ಕೂಡಲೇ ಆರೂ ವಸ್ತುಗಳನ್ನು ಪಡಸಾಲೆಯಲ್ಲಿ ಹರಡಿ, “ಅವ್ವಾ, ನೀ ಈಗ ಬಾಯಿಬಿಟ್ಟು ಹೇಳಿದರ ಸಾಕು, ಬೇಕಾದ್ದನ್ನ ಇದು ತಂದುಕೊಡತೈತಿ” ಎಂದೆ.

ಅವ್ವ ಕೈ ಮುಂದೆ ಚಾಚಿ, “ಮೋತಿ, ಬಡಿಗಿ ತಾ” ಎಂದಳು.

ಮೋತಿ ಅವಳ ಮುಖವನ್ನೇ ನೋಡಿತು, ಅಲ್ಲಾಡಲಿಲ್ಲ.

“ಬಡಿಗಿ ಅಂದರ ಅದಕ್ಕ ತಿಳಿಯೂದಿಲ್ಲ ಅವ್ವಾ, ಕೋಲು ಅನ್ನು” ಎಂದೆ. ಹುಟ್ಟಿದಂದಿನಿಂದ ಬಡಿಗಿ ಎಂದೇ ಕೇಳುತ್ತ ಬೆಳೆದವನು ನಾನು. ಆದರೂ ನಾಯಿಗೆ ಪಾಠ ಹೇಳುವಾಗ ಪುಸ್ತಕದ ಮಾತನ್ನು ಕಲಿಸಿದ್ದೆ!

ಅವ್ವ ಕೋಲು ಎಂದಳು. ಮೋತಿ ಎದ್ದು ಹೋಗಿ ಕರವಸ್ತ್ರ ತಂದಿತು. ಇನ್ನೊಮ್ಮೆ ಎಂದಳು, ಚೆಂಡು ತಂದಿತು. ಮೂರನೆಯ ಸಲ ಅದು ಏನನ್ನೂ ಎತ್ತದೆ ತಿರುಗಿ ನನ್ನ ಕಡೆ ನೋಡಿತು. ನಾನು ಮನಸ್ಸಿನಲ್ಲಿಯೇ ಹಲ್ಲು ಕಡಿಯುತ್ತ ಕೋಲನ್ನು ದಿಟ್ಟಿಸಿದೆ. ತಟ್ಟನೆ ಮೋತಿ ಹೋಗಿ ಕೋಲನ್ನು ಎತ್ತಿತು.

ನನ್ನಲ್ಲಿ ಸಂಶಯ ಹುಟ್ಟಿತು. ಬಾಗಿಲಿನ ಹಿಂದೆ ಮರೆಯಾಗಿ ನಿಂತು ನಾನೇ ಒಂದೊಂದಾಗಿ ಆರೂ ಹೆಸರುಗಳನ್ನು ಕೂಗಿದೆ. ನನ್ನ ದನಿ ಅದೇ, ಶಬ್ದಗಳು ಅವೇ, ಮುಖವೊಂದು ಕಾಣುತ್ತಿರಲಿಲ್ಲ. ಮೋತಿ ಬಾಯಿಗೆ ಬಂದುದನ್ನು ತಂದಿತು. ಒಂದೂ ಸರಿಯಾಗಲಿಲ್ಲ. ಬೆಳಗಾವಿಯಲ್ಲಿ ಆರು ಹೆಸರು ಬಲ್ಲ ನಾಯಿ ಖಾನಾಪುರದಲ್ಲಿ ಒಂದನ್ನೂ ಅರಿಯದು!

ಅವ್ವ ನಗಲೂ ಇಲ್ಲ, ಬೇಸರಪಡಲೂ ಇಲ್ಲ. ಮೋತಿಯ ತಲೆಯನ್ನು ಸವರುತ್ತ, “ತಮ್ಮಾ, ಇದು ನಿನ್ನ ಮಾತು ಕೇಳ್ತಿರಲಿಲ್ಲ, ನಿನ್ನ ಮಾರಿ ನೋಡ್ತಿತ್ತು. ನನ್ನ ಕಣ್ಣಾಗ ಅದಕ್ಕ ಕಾಣೂದಕ್ಕ ಏನೈತಿ?” ಎಂದಳು.

ಇಂಥದೇ ಒಂದು ಪ್ರಸಂಗ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಜರ್ಮನಿಯಲ್ಲಿ ನಡೆದಿತ್ತು. ಬರ್ಲಿನ್ ನಗರದಲ್ಲಿ ವಿಲ್ಹೆಲ್ಮ್ ಫಾನ್ ಓಸ್ಟೆನ್ ಎಂಬ ಗಣಿತದ ಶಿಕ್ಷಕನೊಬ್ಬನ ಬಳಿ ಹಾನ್ಸ್ ಎಂಬ ಕುದುರೆ ಇತ್ತು. ಲೆಕ್ಕ ಕೇಳಿದರೆ ಅದು ಗೊರಸಿನಿಂದ ನೆಲವನ್ನು ತಟ್ಟಿ ಉತ್ತರ ಹೇಳುತ್ತಿತ್ತು. ಆಸ್ಕರ್ ಫುಂಗ್ಸ್ಟ್ ಎಂಬ ಸಂಶೋಧಕನು ಅದನ್ನು ಎಚ್ಚರದಿಂದ ಪರೀಕ್ಷಿಸಿ 1907ರಲ್ಲಿ ವರದಿ ಪ್ರಕಟಿಸಿದನು. ಪ್ರಶ್ನೆ ಕೇಳುವವನಿಗೇ ಉತ್ತರ ಗೊತ್ತಿಲ್ಲದಿದ್ದಾಗ ಕುದುರೆಗೂ ಗೊತ್ತಾಗುತ್ತಿರಲಿಲ್ಲ. ಅವನು ಕಾಣದಂತೆ ನಿಂತಾಗಲೂ ಅದು ತಪ್ಪುತ್ತಿತ್ತು. ತಟ್ಟುವಿಕೆ ಸರಿಯಾದ ಎಣಿಕೆಗೆ ಬಂದೊಡನೆ ಕೇಳುವವನ ತಲೆಯಲ್ಲಿ, ಮುಖದಲ್ಲಿ, ಅವನಿಗೇ ಅರಿವಿಲ್ಲದಂತೆ ಸಣ್ಣದೊಂದು ಚಲನೆ ಉಂಟಾಗುತ್ತಿತ್ತು. ಹಾನ್ಸ್ ಅದನ್ನು ಕಂಡು ನಿಲ್ಲುತ್ತಿತ್ತು. ಓಸ್ಟೆನ್ ಮೋಸಗಾರನಾಗಿರಲಿಲ್ಲ, ತಾನು ಸೂಚನೆ ಕೊಡುತ್ತಿದ್ದೇನೆಂಬುದು ಅವನಿಗೆ ಗೊತ್ತಿರಲಿಲ್ಲ. ನಾನೂ ಗಣಿತದ ಶಿಕ್ಷಕನೇ. ಮೋತಿಯೂ ನನಗೆ ಮೋಸ ಮಾಡಿರಲಿಲ್ಲ. ಮನುಷ್ಯನ ಕಣ್ಣು ಹೋದ ಕಡೆ, ಬೆರಳು ತೋರಿದ ಕಡೆ ಗಮನ ಕೊಡುವುದರಲ್ಲಿ ನಾಯಿಗಳು ಬಹು ನಿಪುಣ. ಇಷ್ಟು ಸುಲಭವಾದ ದಾರಿಯಿರುವಾಗ ಶಬ್ದವನ್ನು ಕಲಿಯುವ ಕಷ್ಟ ಅದಕ್ಕೇಕೆ?

ಮರಳಿ ಹೊರಡುವ ದಿನ ನಾನು ಮೋತಿಯ ಸರಪಳಿಯನ್ನು ಕೈಗೆತ್ತಿಕೊಂಡಾಗ ಅವ್ವ ತಡೆದಳು. “ಇದನ್ನ ನನ್ನ ಕಡೆ ಬಿಟ್ಟು ಹೋಗು” ಎಂದಳು. ಕಣ್ಣುಳ್ಳ ನನಗೆ ಆಗದ ಕೆಲಸ ಅವಳಿಂದ ಹೇಗಾದೀತೆಂಬ ಸಂಶಯವನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಅವಳು ಅದನ್ನೂ ಕೇಳಿಸಿಕೊಂಡವಳಂತೆ, “ಗಡಬಡಿ ಮಾಡಬ್ಯಾಡ. ಹಸೀ ಗಡಿಗ್ಯಾಗ ನೀರ ತುಂಬಿದ್ರ ಗಡಿಗೀನೂ ಹೋಗತೈತಿ, ನೀರೂ ಹೋಗತೈತಿ” ಎಂದಳು.

ಅವ್ವ ಆರು ವಸ್ತುಗಳನ್ನು ಹಿಡಿಯಲಿಲ್ಲ, ಒಂದನ್ನೇ ಹಿಡಿದಳು. ಮೋತಿ ಅವಳ ಬಡಿಗಿಯನ್ನು ಮೂಸಿದಾಗ ‘ಬಡಿಗಿ’ ಎನ್ನುವಳು. ಕಚ್ಚಿ ಹಿಡಿದಾಗ ‘ಬಡಿಗಿ’. ಅವಳ ಅಂಗೈಗೆ ಇಟ್ಟಾಗ ‘ಬಡಿಗಿ’. ಬೇರೊಂದು ಮಾತಿಲ್ಲ. ನಾನು ಒಮ್ಮೆ ‘ಕೋಲು’, ಒಮ್ಮೆ ‘ಕೋಲು ತಾರೋ ಜಾಣ’, ಒಮ್ಮೆ ‘ಎಲ್ಲಿ, ಆ ಕೋಲೆಲ್ಲಿ’ ಎಂದು ಶಬ್ದಗಳ ರಾಶಿಯಲ್ಲಿ ಹೆಸರನ್ನು ಮುಚ್ಚಿಹಾಕುತ್ತಿದ್ದೆ. ಅವಳಿಗೆ ತೋರಿಸಲು ಕಣ್ಣಿರಲಿಲ್ಲ. ಎತ್ತ ಬೆರಳು ಮಾಡಬೇಕೆಂಬುದೂ ತಿಳಿಯದು. ನಾಯಿಗೆ ಹಿಡಿದುಕೊಳ್ಳಲು ಉಳಿದದ್ದು ಆ ಒಂದು ಸದ್ದು ಮಾತ್ರ. ಸುಮಾರು ಎರಡು ತಿಂಗಳ ಮೇಲೆ ‘ಕೆರವು’ ಎಂಬ ಎರಡನೆಯ ಪಾಠ ಆರಂಭವಾಯಿತು. ಕೆರವು ಎಂದರೆ ನಮ್ಮ ಕಡೆಯ ಮಾತಿನಲ್ಲಿ ಚಪ್ಪಲಿ.

ಸಂಕ್ರಾಂತಿಗೆ ಹೋದಾಗ ಮಗ್ಗುಲ ಮನೆಯ ಮರಾಠಿ ಮಾತನಾಡುವ ಮುದುಕಿ ಪಡಸಾಲೆಯಲ್ಲಿ ಕುಳಿತು, “ಮೋತಿ, ಕಾಠಿ” ಎಂದಳು. ಮೋತಿ ಬಡಿಗಿ ತಂದಿತು. ದಿನಾಲೂ ಅವ್ವನಿಗೆ ಜೊತೆಯಾಗಿ ಕೂಡುತ್ತಿದ್ದ ಆ ಮುದುಕಿ ತನ್ನ ಭಾಷೆಯ ಹೆಸರನ್ನೂ ಕಲಿಸಿಬಿಟ್ಟಿದ್ದಳು. ಖಾನಾಪುರದ ಓಣಿಗಳಲ್ಲಿ ಮಕ್ಕಳು ಎರಡು ಭಾಷೆಗಳನ್ನು ಕೇಳುತ್ತಲೇ ಬೆಳೆಯುವಂತೆ ಮೋತಿಯೂ ಬೆಳೆಯುತ್ತಿತ್ತು.

ಆದರೂ ಒಮ್ಮೆ ಮೋಸಹೋದ ನಾನು ಸುಲಭವಾಗಿ ನಂಬಲು ಸಿದ್ಧನಿರಲಿಲ್ಲ. ಈ ಸಲ ಪರೀಕ್ಷೆಯನ್ನು ಗಣಿತದವನಂತೆ ನಡೆಸಿದೆ. ಬಡಿಗಿ, ಕೆರವು ಮತ್ತು ಬೇರೆ ನಾಲ್ಕು ವಸ್ತುಗಳನ್ನು ಒಳಕೋಣೆಯಲ್ಲಿ ಇಡಿಸಿದೆ. ಪ್ರತಿಸಲವೂ ಅವುಗಳ ಜಾಗ ಬದಲಿಸಿ ಹೊರಗೆ ಹೋಗುವ ಕೆಲಸವನ್ನು ನೆರೆಮನೆಯ ಹುಡುಗನಿಗೆ ವಹಿಸಿದೆ. ಯಾವ ಹೆಸರು ಹೇಳಬೇಕೆಂಬುದನ್ನು ಚೀಟಿ ಎತ್ತಿ ಗೊತ್ತುಮಾಡಿದೆ. ಅವ್ವ ಪಡಸಾಲೆಯಲ್ಲಿ ಕುಳಿತು ಹೆಸರು ಹೇಳುವಳು. ಮೋತಿ ಒಬ್ಬರೂ ಇಲ್ಲದ ಕೋಣೆಗೆ ಹೋಗಿ ತರಬೇಕು. ಆರು ವಸ್ತುಗಳಲ್ಲಿ ಸುಮ್ಮನೆ ಒಂದನ್ನು ಎತ್ತಿದರೆ 20 ಸಲದಲ್ಲಿ ಮೂರೋ ನಾಲ್ಕೋ ಸಲ ಸರಿಯಾಗಬಹುದು. ಮೋತಿ 16 ಸಲ ಸರಿಯಾದುದನ್ನು ತಂದಿತು. ತಪ್ಪಿದ ನಾಲ್ಕು ಸಲವೂ ಬಡಿಗಿಯ ಬದಲು ಕೆರವನ್ನೋ ಕೆರವಿನ ಬದಲು ಬಡಿಗಿಯನ್ನೋ ತಂದಿತೇ ಹೊರತು ಬೇರೆ ವಸ್ತುವನ್ನು ಮುಟ್ಟಲಿಲ್ಲ. ಎರಡಕ್ಕೂ ಅವ್ವನ ವಾಸನೆ ಇತ್ತಲ್ಲ!

ಎರಡೇ ಹೆಸರು ಎಂದು ನೀವು ನಗಬಹುದು. ಜಗತ್ತಿನಲ್ಲಿ ಇದಕ್ಕಿಂತ ಬಹಳ ದೊಡ್ಡ ವಿದ್ವಾಂಸ ನಾಯಿಗಳಿದ್ದವು. ಜರ್ಮನಿಯ ರಿಕೊ ಎಂಬ ಬಾರ್ಡರ್ ಕೋಲಿ ತಳಿಯ ನಾಯಿ ಸುಮಾರು 200 ವಸ್ತುಗಳ ಹೆಸರು ಬಲ್ಲುದೆಂದು ಲೈಪ್ಜಿಗ್‌ನ ವಿಜ್ಞಾನಿಗಳು 2004ರಲ್ಲಿ ಪ್ರಕಟಿಸಿದರು. ಪರಿಚಿತ ವಸ್ತುಗಳ ನಡುವೆ ಹೊಸದೊಂದನ್ನು ಇಟ್ಟು, ಹಿಂದೆಂದೂ ಕೇಳದ ಹೆಸರನ್ನು ಹೇಳಿದರೆ ರಿಕೊ ಹತ್ತರಲ್ಲಿ ಏಳು ಸಲ ಆ ಹೊಸ ವಸ್ತುವನ್ನೇ ತಂದಿತು. ಉಳಿದವುಗಳಿಗೆ ಹೆಸರಿದೆ, ಆದುದರಿಂದ ಈ ಹೆಸರು ಇದರದೇ ಇರಬೇಕು ಎಂದು ತರ್ಕಿಸಿದಂತಿತ್ತು ಅದರ ನಡೆ. ಅಮೆರಿಕೆಯ ದಕ್ಷಿಣ ಕೆರೊಲಿನಾದಲ್ಲಿ ಜಾನ್ ಪಿಲ್ಲಿ ಎಂಬ ನಿವೃತ್ತ ಪ್ರಾಧ್ಯಾಪಕರು ಚೇಸರ್ ಎಂಬ ಅದೇ ತಳಿಯ ನಾಯಿಗೆ ಮೂರು ವರ್ಷ ದಿನಕ್ಕೆ ನಾಲ್ಕೈದು ಗಂಟೆ ಪಾಠ ಹೇಳಿ 1022 ಆಟಿಕೆಗಳ ಹೆಸರು ಕಲಿಸಿದರು. ಪ್ರತಿ ಚೆಂಡಿಗೂ ಬೇರೆ ಹೆಸರಿದ್ದರೂ ಅವೆಲ್ಲವೂ ‘ಚೆಂಡು’ ಎಂಬುದನ್ನೂ ಚೇಸರ್ ಅರಿತಿತ್ತು. ಈ ನಾಯಿಗಳನ್ನು ಪರೀಕ್ಷಿಸಿದವರು ವಸ್ತುಗಳನ್ನು ಬೇರೆ ಕೋಣೆಯಲ್ಲಿಯೋ ಮರೆಯಲ್ಲಿಯೋ ಇಟ್ಟೇ ಪರೀಕ್ಷಿಸಿದರೆಂಬುದನ್ನು ಗಮನಿಸಬೇಕು. ಹಾನ್ಸ್ ಕುದುರೆಯ ಪಾಠವನ್ನು ಅವರು ಮರೆತಿರಲಿಲ್ಲ. ಆದರೆ ಇಂಥ ನಾಯಿಗಳು ಬಲು ವಿರಳ. ಹಂಗೆರಿಯ ಬುಡಾಪೆಸ್ಟ್‌ನ ಸಂಶೋಧಕರು ಮೂರು ತಿಂಗಳು ಕಲಿಸಿ ನೋಡಿ, ಹೆಚ್ಚಿನ ನಾಯಿಗಳಿಗೆ ಎರಡು ಆಟಿಕೆಗಳ ಹೆಸರನ್ನೂ ಬೇರೆಬೇರೆಯಾಗಿ ತಿಳಿಯುವುದು ಸಾಧ್ಯವಾಗಲಿಲ್ಲವೆಂದು 2021ರಲ್ಲಿ ಪ್ರಕಟಿಸಿದರು. ಅದನ್ನು ಓದಿದ ಮೇಲೆ ನಮ್ಮ ಬೀದಿಯ ಮೋತಿಯ ಎರಡು ಹೆಸರುಗಳು ನನಗೆ ಸಣ್ಣವೆನಿಸಲಿಲ್ಲ.

ಮುಂದಿನ ಆಷಾಢದಲ್ಲಿ ನಾವೆಲ್ಲರೂ ಖಾನಾಪುರದಲ್ಲಿದ್ದೆವು. ಆ ಸೀಮೆಯ ಮಳೆಯನ್ನು ಕಂಡವರೇ ಬಲ್ಲರು. ರಾತ್ರಿ ಊಟದ ಹೊತ್ತಿಗೆ ಗಾಳಿ ಬೀಸಿ ವಿದ್ಯುತ್ ಹೋಯಿತು. ಟಾರ್ಚು ಎಲ್ಲಿ, ಕಡ್ಡಿಪೆಟ್ಟಿಗೆ ಎಲ್ಲಿ ಎಂದು ನಾವು ತಡಕಾಡತೊಡಗಿದೆವು. ನನ್ನ ಕೈ ತಾಗಿ ಸಾರಿನ ಪಾತ್ರೆ ಉರುಳಿತು. ಮಕ್ಕಳು ಹೆದರಿ ಅಳುತ್ತಿದ್ದರು. ಆ ಗದ್ದಲದ ನಡುವೆ ಅವ್ವನ ಶಾಂತವಾದ ದನಿ ಕೇಳಿತು: “ಮೋತಿ, ಬಡಿಗಿ.”

ಕತ್ತಲೆಯಲ್ಲಿ ಉಗುರುಗಳ ಸಪ್ಪಳ ಅತ್ತ ಹೋಗಿ ಇತ್ತ ಬಂದಿತು. ಆಮೇಲೆ ನೆಲಕ್ಕೆ ಬಡಿಗಿ ತಾಗುವ ಟಕ್ ಟಕ್ ಸದ್ದು. ಹತ್ತು ಹೆಜ್ಜೆ, ತಿರುವು, ಮತ್ತೆ ಆರು ಹೆಜ್ಜೆ. ದೇವರ ಗೂಡಿನಿಂದ ಕಡ್ಡಿಪೆಟ್ಟಿಗೆಯನ್ನೂ ದೀಪವನ್ನೂ ತಂದು ಅವ್ವ ನನ್ನ ಕೈಗಿತ್ತಳು. “ಹಚ್ಚು, ತಮ್ಮಾ. ಪಾಪ, ನಿಮಗ ಕತ್ತಲಿ ರೂಢಿಯಿಲ್ಲ” ಎಂದಳು. ದೀಪ ಹಚ್ಚಿದಾಗ ಮೋತಿ ಅವಳ ಕಾಲ ಬಳಿ ಕುಳಿತಿತ್ತು. ಅದು ನನ್ನ ಕಡೆ ನೋಡಲೂ ಇಲ್ಲ.

ರಜೆ ಮುಗಿಸಿ ಶಾಲೆಗೆ ಹೋದ ದಿನ ಒಬ್ಬ ವಿದ್ಯಾರ್ಥಿಯನ್ನು ಎಬ್ಬಿಸಿ, ಏಳು ಹನ್ನೆರಡಲೆ ಎಷ್ಟು ಎಂದು ಕೇಳಿದೆ. ಅವನು ನನ್ನ ಮುಖವನ್ನೇ ನೋಡುತ್ತ, “ಎಪ್ಪತ್ತೆರಡು” ಎಂದ. ನನ್ನ ಹುಬ್ಬು ಗಂಟಿಕ್ಕಿರಬೇಕು. “ಅಲ್ಲರೀ ಸರ್, ಎಂಬತ್ತು...” ಎಂದ. ನನ್ನ ಹುಬ್ಬು ಸ್ವಲ್ಪ ಸಡಿಲಿಸಿರಬೇಕು. “ಎಂಬತ್ತನಾಲ್ಕು!” ಎಂದು ಗೆಲುವಿನಿಂದ ಹೇಳಿದ. ಎಷ್ಟೋ ವರ್ಷ ಇಂಥ ಉತ್ತರಗಳಿಗೆಲ್ಲ ನಾನು ‘ಶಾಬಾಸ್’ ಎಂದಿದ್ದೆ.

ಅಂದಿನಿಂದ ನಾನು ಕರಿಹಲಗೆಯ ಕಡೆ ಮುಖಮಾಡಿ ಪ್ರಶ್ನೆ ಕೇಳುತ್ತೇನೆ. ಸರ್ ನಮ್ಮನ್ನು ನೋಡುವುದೇ ಇಲ್ಲವೆಂದು ಹುಡುಗರು ದೂರುತ್ತಾರೆ. ಮೊದಮೊದಲು ತರಗತಿಯಲ್ಲಿ ಮೌನ ಕವಿಯುತ್ತದೆ; ಬೆನ್ನ ಹಿಂದೆ ಯಾರೋ ಬೆರಳು ಮಡಿಚಿ ಎಣಿಸುತ್ತಿರುವುದು ತಿಳಿಯುತ್ತದೆ. ನಾನು ಅವಸರಪಡುವುದಿಲ್ಲ, ಗಡಿಗೆಯನ್ನು ಬಡಿದು ಕಿವಿಗೊಡುತ್ತಿದ್ದ ಅವ್ವನಂತೆ, ಉತ್ತರ ಬರುವವರೆಗೆ ಸುಮ್ಮನೆ ನಿಂತು ಕೇಳಿಸಿಕೊಳ್ಳುತ್ತೇನೆ.